ಜೀಪ್ ಎತ್ತರಿಸಿದ ಮೇಲೆ ಹಿಂದಿನ ಶಾಫ್ಟ್ ನಡುಗ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ನಮ್ಮ ಕಾಫಿ ತೋಟದ ಹಳೇ ಜೀಪಿಗೆ ನಾನೇ 2 ಇಂಚು ಉದ್ದ ಜಾಸ್ತಿ ಇರೋ ಶ್ಯಾಕಲ್ (ಸ್ಪ್ರಿಂಗಿನ ಒಂದು ತುದೀನ ಚಾಸಿಗೆ ಸೇರಿಸೋ ಪಟ್ಟಿ) ಹಾಕಿದೆ. ಗಾಡಿ ಎದ್ದಿದ್ದು 1 ಇಂಚು. ಸ್ಪ್ರಿಂಗಿನ ಒಂದೇ ತುದಿ ಇಳಿಯೋದ್ರಿಂದ ಅರ್ಧ ಅಷ್ಟೇ ಸಿಗೋದು. ತೋಟದ ಕಲ್ಲುದಾರೀಲಿ ಈಗ ಹೊಟ್ಟೆ ತಾಗಲ್ಲ, ಅದಂತೂ ನೆಮ್ಮದಿ. ಆದ್ರೆ ಟಾರ್ ರಸ್ತೇಲಿ 50 ದಾಟಿದ್ರೆ ಸೀಟಿನ ಕೆಳಗೆ ಗುಂಯ್ ಅಂತ ನಡುಕ. ಆಕ್ಸಿಲರೇಟರ್ ಬಿಟ್ರೆ ಕಮ್ಮಿ ಆಗುತ್ತೆ.

ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯೋ ಶಾಫ್ಟಿನ ಎರಡೂ ಕ್ರಾಸ್ (ತುದಿಯ ಬಾಗೋ ಕೀಲು) ಹೊಸದು, ಗ್ರೀಸ್ ಹೊಡೆದಿದೀನಿ. ಶಾಫ್ಟಿನ ಯೋಕ್‌ಗಳು (ಕ್ರಾಸ್ ಹಿಡಿಯೋ ಕವಲುಗಳು) ಒಂದೇ ಸಾಲಲ್ಲಿವೆ. ಚಕ್ರ ಬ್ಯಾಲೆನ್ಸ್ ಆಯ್ತು. ಹಿಂದಿನ ಶಾಫ್ಟ್ ಬಿಚ್ಚಿಟ್ಟು ಮುಂದಿನ ಚಕ್ರದಲ್ಲೇ ಓಡಿಸಿದ್ರೆ ನಡುಕ ಇಲ್ಲವೇ ಇಲ್ಲ.

ಫೋನಲ್ಲಿ ಅಳೆದಾಗ ಟ್ರಾನ್ಸ್‌ಫರ್ ಕೇಸಿನ (ಶಕ್ತೀನ ಮುಂದಿನ-ಹಿಂದಿನ ಆಕ್ಸಲಿಗೆ ಹಂಚೋ ಪೆಟ್ಟಿಗೆ) ಫ್ಲ್ಯಾಂಜ್, ಅಂದ್ರೆ ಶಾಫ್ಟ್ ಕೂರೋ ಬಿಲ್ಲೆ, 4 ಡಿಗ್ರಿ ಕೆಳಮುಖ, ಹಿಂದಿನ ಪಿನಿಯನ್ (ಆಕ್ಸಲಿನಲ್ಲಿ ಶಾಫ್ಟ್ ಸೇರೋ ಗೇರು) 7 ಡಿಗ್ರಿ ಮೇಲ್ಮುಖ. ಎರಡೂ ಸಮಾನಾಂತರ ಇರಬೇಕು, ಹಾಗಾಗಿ ಪಿನಿಯನ್ ತಗ್ಗಿಸೋಕೆ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬೆಣೆ ಪಟ್ಟಿ ಕೊಡೋಣ ಅಂತಿದೀನಿ. ನಮ್ಮದ್ರಲ್ಲಿ ಸ್ಪ್ರಿಂಗ್ ಆಕ್ಸಲಿನ ಕೆಳಗಿದೆ. ದಪ್ಪ ಅಂಚು ಹಿಂದಕ್ಕೆ ಬರಬೇಕು ಅಂತ ನನ್ನ ಲೆಕ್ಕ, ಊರಿನ ಮೆಕ್ಯಾನಿಕ್ ಅಣ್ಣ ಮುಂದಕ್ಕೆ ಅಂತಾರೆ.

ಯಾವುದು ಸರಿ? ಎಳೆಯುವಾಗ ಪಿನಿಯನ್ ಇನ್ನೂ ಮೇಲೇಳುತ್ತಲ್ಲ, ಅದಕ್ಕೆ 3 ಡಿಗ್ರಿ ಬೆಣೆ ಸಾಕಾ, 4 ಹಾಕ್ಲಾ? ಮಾಡಿ ನೋಡಿದೋರು ದಯವಿಟ್ಟು ಹೇಳಿ.