ಕ್ಲಿಪ್ ತೆಗೆಸಿದ ಮೇಲೆ ಹಲ್ಲಿನಲ್ಲಿ ಬಿಳಿ ಕಲೆ, ಕ್ರೀಮ್ ಹಚ್ಚಿದರೆ ಹೋಗುತ್ತದಾ?

ಕೇಳಿದವರು: ಮಗಳ ಹಲ್ಲಿನ ಕ್ಲಿಪ್ ಹೋದ ವಾರ ತೆಗೆಸಿದೆವು. ಕ್ಲಿಪ್ ಅಂಟಿಸಿದ್ದ ಜಾಗದ ಸುತ್ತ ಸುಣ್ಣ ಬಳಿದ ಹಾಗೆ ಬಿಳಿ ಕಲೆ. "ಹುಳುಕು ಈಗ ಶುರುವಾಗಿದೆ, ತೂತಾಗಿಲ್ಲ" ಅಂತ ಡಾಕ್ಟರ್ ರೀಮಿನರಲೈಸಿಂಗ್ ಕ್ರೀಮ್ (ಹಲ್ಲಿಗೆ ಖನಿಜ ವಾಪಸ್ ಸೇರಿಸುವಂಥದ್ದು) ಬರೆದುಕೊಟ್ಟಿದ್ದಾರೆ. ಬೆಲೆ ಜಾಸ್ತಿ. ಬಳಸಿದವರು ಹೇಳಿ, ಉಪಯೋಗ ಇದೆಯಾ?

ಇಬ್ಬರು ಮಕ್ಕಳ ಅಮ್ಮ: ನನ್ನ ಮಗನಿಗೂ ಹೀಗೇ ಆಗಿತ್ತು. ಹಲ್ಲು ಒದ್ದೆ ಇದ್ದಾಗ ಅಷ್ಟು ಕಾಣುತ್ತಿರಲಿಲ್ಲ. ಡಾಕ್ಟರ್ ಗಾಳಿ ಬಿಟ್ಟು ಒಣಗಿಸಿದ ಕೂಡಲೇ ಎದ್ದು ಕಂಡಿತು. ರಾತ್ರಿ ಬ್ರಷ್ ಆದ ಮೇಲೆ ಬಟಾಣಿಯಷ್ಟು ಕ್ರೀಮನ್ನು ಬೆರಳಲ್ಲಿ ಸವರುತ್ತಿದ್ದ. 3 ನಿಮಿಷ ಬಿಟ್ಟು, ನಾಲಿಗೆಯಲ್ಲಿ ಹರಡಿ, ಉಗುಳಿ ಹಾಗೇ ಮಲಗುವುದು. ಬಾಯಿ ಮುಕ್ಕಳಿಸುವ ಹಾಗಿಲ್ಲ. ಕೆಲವು ತಿಂಗಳಲ್ಲಿ ಕಲೆ ಮಾಸಿತು, ಪೂರ್ತಿ ಹೋಗಲಿಲ್ಲ.

ಹಲ್ಲಿನ ಡಾಕ್ಟರ್, ಹುಬ್ಬಳ್ಳಿ: ಪೂರ್ತಿ ಹೋಗದಿದ್ದರೂ ಹುಳುಕು ನಿಂತಿರಬಹುದು, ಅದೇ ಮುಖ್ಯ. ಹಲ್ಲಿನ ಗಟ್ಟಿ ಹೊರಪದರ, ಅಂದರೆ ಎನಾಮೆಲ್‌ನ ಸುಮಾರು 96% ಖನಿಜ. ಸಿಹಿ ತಿಂದಾಗ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಪಿಎಚ್ (ಇದು ಇಳಿದಷ್ಟೂ ಆಮ್ಲ ಜಾಸ್ತಿ ಅಂತ ಅರ್ಥ) ಸುಮಾರು 5.5ಕ್ಕಿಂತ ಇಳಿದರೆ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಬರುತ್ತವೆ. ಬಿಳಿ ಕಲೆ ಇರುವಲ್ಲಿ ಮೇಲ್ಪದರ ಇನ್ನೂ ಉಳಿದಿರುತ್ತದೆ, ಅದರ ಕೆಳಗೆ ಸಣ್ಣ ಸಣ್ಣ ರಂಧ್ರ. ಎಂಜಲಿನಲ್ಲಿರುವ ಖನಿಜ ವಾಪಸ್ ಅಲ್ಲಿಗೆ ಸೇರಬಲ್ಲದು. ಫ್ಲೋರೈಡ್ ಇದ್ದರೆ ಈ ಕೆಲಸ ಚುರುಕಾಗುತ್ತದೆ, ಹೊಸದಾಗಿ ಕೂತ ಖನಿಜ ಆಮ್ಲವನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ನಿಮಗೆ ಬರೆದಿರುವುದು ಬಹುಶಃ ಸಿಪಿಪಿ-ಎಸಿಪಿ ಇರುವ ಕ್ರೀಮ್. ಹಾಲಿನ ಕೇಸೀನ್‌ನಿಂದ ಮಾಡಿ, ಕ್ಯಾಲ್ಸಿಯಂ, ಫಾಸ್ಫೇಟನ್ನು ಹಲ್ಲಿನ ಹತ್ತಿರ ಹಿಡಿದಿಡುವಂಥದ್ದು. ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿದ್ದು. ಹಾಲಿನ ಪ್ರೋಟೀನ್ ಅಲರ್ಜಿ ಇದ್ದವರಿಗೆ ಬೇಡ. ನನ್ನ ಮಾತು ಕೇಳುವುದಾದರೆ, ಫ್ಲೋರೈಡ್ ಪೇಸ್ಟ್‌ಗಿರುವಷ್ಟು ಗಟ್ಟಿ ಪುರಾವೆ ಇದಕ್ಕಿಲ್ಲ. ಪೇಸ್ಟ್ ಬಿಟ್ಟು ಬರೀ ಕ್ರೀಮ್ ಬಳಸಬೇಡಿ. ತೂತು ಬಿದ್ದ ಮೇಲಂತೂ ಯಾವ ಕ್ರೀಮೂ ಅದನ್ನು ಮುಚ್ಚುವುದಿಲ್ಲ, ಫಿಲ್ಲಿಂಗೇ ಗತಿ.

ಪಾವಗಡದವನು: ನಮ್ಮ ಕಡೆ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಜಾಸ್ತಿ, ಎಷ್ಟೋ ಜನರ ಹಲ್ಲಲ್ಲಿ ಬಿಳಿ, ಕಂದು ಕಲೆ ಇವೆ. ಅದು ಹಲ್ಲು ಬೆಳೆಯುವಾಗಲೇ ಆಗಿದ್ದು, ಹುಳುಕಲ್ಲ. ಅದಕ್ಕೆ ಸುಮ್ನೆ ಈ ಕ್ರೀಮ್ ತರಬೇಡಿ. ನಿಮ್ಮ ಮಗಳಿಗೆ ಕ್ಲಿಪ್ ಸುತ್ತ ಮಾತ್ರ ಇದೆ ಅಂದರೆ ಬೇರೆ ವಿಷಯ.

ಕೇಳಿದವರು: ಥ್ಯಾಂಕ್ಸ್. ಪೇಸ್ಟ್ ಡಬ್ಬಿ ತಿರುಗಿಸಿ ನೋಡಿದೆ, ಗಿಡಮೂಲಿಕೆಯದ್ದು, ಫ್ಲೋರೈಡೇ ಇಲ್ಲ. ಎಷ್ಟಿರುವುದು ತರಬೇಕು?

ಹಲ್ಲಿನ ಡಾಕ್ಟರ್, ಹುಬ್ಬಳ್ಳಿ: ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 1000 ಭಾಗ) ಹತ್ತಿರ ಇರುವುದು ಸಾಕು. ದಿನಕ್ಕೆ ಎರಡು ಸಲ. ನಡುನಡುವೆ ಬಿಸ್ಕತ್ತು, ಜ್ಯೂಸ್ ಕಡಿಮೆ ಮಾಡಿಸಿ. ಹಲ್ಲಿಗೆ ಡಾಕ್ಟರೇ ಬಳಿಯುವ ಫ್ಲೋರೈಡ್ ವಾರ್ನಿಷ್ ಬಗ್ಗೆಯೂ ನಿಮ್ಮ ಡಾಕ್ಟರ್ ಹತ್ತಿರ ಕೇಳಿ.