ಹೆಸರು ಕೆತ್ತುವ ಮಷಿನ್: ಯಾವುದರಿಂದ ಶುರು ಮಾಡಲಿ?

ಸಾಗರದಿಂದ ಪ್ರಶ್ನೆ: ಪಾತ್ರೆ ಅಂಗಡಿ ಪಕ್ಕದಲ್ಲೇ ಸಣ್ಣ ಮಳಿಗೆ ಸಿಕ್ಕಿದೆ. ಮುಯ್ಯಿ ಪಾತ್ರೆಗೆ ಹೆಸರು, ಮನೆ ಬಾಗಿಲಿಗೆ ಹಿತ್ತಾಳೆ ಫಲಕ, ಶಾಲೆಯ ಟ್ರೋಫಿಗೆ ತಗಡು, ಎಲ್ಲ ಮಾಡಿಕೊಡಬೇಕು ಅಂತಿದೆ. ಲೇಸರ್ ಸದ್ಯಕ್ಕೆ ಬೇಡ. ಕೆಲಸ ಗೊತ್ತಿರುವವರು ಹೇಳಿ.

ಶಿವಮೊಗ್ಗದಿಂದ: ಎಲ್ಲಕ್ಕೂ ಒಂದೇ ಮೊನೆ ಅಂತ ಹುಡುಕಬೇಡಿ, ಸಿಗಲ್ಲ. ಯಾವ ಕೆಲಸ ಜಾಸ್ತಿ ಬರುತ್ತೋ ಅದರಿಂದ ಶುರು ಮಾಡಿ. ಪಾತ್ರೆ ಅಂಗಡಿ ಪಕ್ಕ ಅಂದ್ರೆ ಮದುವೆ ಕಾಲದಲ್ಲಿ ಸ್ಟೀಲೇ ಬರುವುದು, ಅಲ್ವಾ? ಅದಕ್ಕೆ ಕೈಯಲ್ಲಿ ಹಿಡಿಯುವ ವೈಬ್ರೇಟರ್ ಪೆನ್ನು ಸಾಕು. ನಮ್ಮ 50 ಹರ್ಟ್ಸ್ ಕರೆಂಟಿಗೆ ಅದರೊಳಗಿನ ಕಾಯಿಲ್ ಮೊನೆಯನ್ನು ಸೆಕೆಂಡಿಗೆ 100 ಸಲ ಕುಟ್ಟಿಸುತ್ತದೆ. ಕಾರ್ಬೈಡ್ ಮೊನೆಯನ್ನೇ ಹಾಕಿ. ಅಕ್ಷರ ಚುಕ್ಕಿ ಚುಕ್ಕಿಯಾಗಿ ಮೂಡುತ್ತದೆ, ಬೂದಿ ಹಾಕಿ ತಿಕ್ಕಿದರೂ ಹೋಗಲ್ಲ. ಅಂದ ಮಾತ್ರ ನಿಮ್ಮ ಕೈಬರಹದ್ದೇ. ತೆಳು ಲೋಟಕ್ಕೆ ಜೋರು ಕೊಟ್ಟರೆ ಒಳಗಡೆ ಉಬ್ಬು ಕಾಣುತ್ತದೆ, ಹೊಡೆತದ ತಿರುಪು ಇಳಿಸಿಕೊಳ್ಳಿ.

ಟ್ರೋಫಿ ತಗಡಿಗೆ ಡೈಮಂಡ್ ಡ್ರ್ಯಾಗ್. ಮೊನೆ ತಿರುಗಲ್ಲ, ಒತ್ತಿಕೊಂಡು ಗೀರುತ್ತಾ ಹೋಗುತ್ತದೆ. ಗೆರೆ ಸಣ್ಣ, ಒಳ್ಳೆ ಹೊಳಪು, ಶಬ್ದ ಇಲ್ಲ. ಆಳ ಬರಲ್ಲ. ದಪ್ಪ ಅಕ್ಷರ ಬೇಕಾದರೆ ಪಕ್ಕಪಕ್ಕ ಗೆರೆ ಎಳೆಯಬೇಕು.

ಬಾಗಿಲ ಫಲಕಕ್ಕೆ ಅದು ಬೇಡವೇ ಬೇಡ. ಮಲೆನಾಡಿನ ಮಳೆಗಾಲದ ಥಂಡಿಗೆ ಹಿತ್ತಾಳೆ ಕಪ್ಪಾಗುತ್ತದೆ. ಮನೆಯವರು ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ತಿಕ್ಕಿ ತಿಕ್ಕಿ ಗೀರು ಸವೆದುಬಿಡುತ್ತದೆ. ಅಲ್ಲಿ ರೋಟರಿಯೇ ಸರಿ. ಕಟ್ಟರ್ ತಿರುಗುತ್ತಾ ಲೋಹವನ್ನೇ ಕೊರೆದು ತೆಗೆಯುತ್ತದೆ, ಬೆರಳಾಡಿಸಿದರೆ ತೋಡಿನ ಅಂಚು ತಗಲುತ್ತದೆ. ಅದರಲ್ಲಿ ಎನಾಮಲ್ ಬಣ್ಣ ತುಂಬಿ, ಮೇಲೆ ನಿಂತದ್ದನ್ನು ಗಟ್ಟಿ ರಟ್ಟಿನ ಅಂಚಿನಿಂದ ಎಳೆದು ತೆಗೆಯಿರಿ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ತೋಡಿನ ಬಣ್ಣವೂ ಬಟ್ಟೆಗೆ ಎದ್ದು ಬರುತ್ತದೆ.

ಭದ್ರಾವತಿಯಿಂದ: ಮೇಲಿನವರು ಹೇಳಿದ್ದು ಸರಿ. ರೋಟರಿಗೆ ಮೊದಲು ಹಿತ್ತಾಳೆಯಲ್ಲೇ ಕೈ ಪಳಗಲಿ. ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಕಟ್ಟರ್ ಕೊರೆಯದೆ ಸುಮ್ನೆ ಉಜ್ಜುತ್ತಾ ನಿಂತರೆ ಆ ಜಾಗ ಇನ್ನೂ ಗಟ್ಟಿಯಾಗುತ್ತದೆ, ಆಮೇಲೆ ಮೊನೆ ಮುರಿಯುವುದೇ.

ಹಳೆ ಪ್ಯಾಂಟೋಗ್ರಾಫ್ ಕಡಿಮೆಗೆ ಸಿಕ್ಕರೆ ಬಿಡಬೇಡಿ. ದೊಡ್ಡ ಅಕ್ಷರದ ಅಚ್ಚಿನ ಮೇಲೆ ಕಡ್ಡಿ ಆಡಿಸಿದರೆ ಇನ್ನೊಂದು ಕಡೆ ಕಟ್ಟರ್ ಅದನ್ನೇ ಚಿಕ್ಕದಾಗಿ ಕೊರೆಯುತ್ತದೆ. ಕೈ ನಡುಗಿದ್ದೂ ಅಷ್ಟೇ ಚಿಕ್ಕದಾಗುತ್ತದೆ. ಕಂಪ್ಯೂಟರ್ ಬೇಕಿಲ್ಲ. ಆದರೆ ಕನ್ನಡದ ಅಚ್ಚು ಜೊತೆಗೆ ಕೊಡುತ್ತಾರಾ ಅಂತ ಮೊದಲೇ ಕೇಳಿ. ಒತ್ತಕ್ಷರದ ಅಚ್ಚು ಇಲ್ಲದಿದ್ದರೆ ಅರ್ಧ ಊರಿನ ಹೆಸರು ಬರೆಯೋಕಾಗಲ್ಲ.

ತೀರ್ಥಹಳ್ಳಿಯಿಂದ: ಬರ್ನಿಷಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಲ್ಯಾಕರ್ ಬಳಿದ ಹಿತ್ತಾಳೆಗೆ ಅದು. ಮೊನೆ ತಿರುಗುತ್ತಾ ಮೇಲಿನ ಪದರವನ್ನಷ್ಟೇ ಕೆರೆಯುತ್ತದೆ. ಅಕ್ಷರ ಅಗಲವಾಗಿ ಬರುತ್ತದೆ, ಆಳ ಇಲ್ಲ. ಸನ್ಮಾನದ ಫಲಕಕ್ಕೆ ಚೆನ್ನ, ಗೇಟಿಗೆ ಬೇಡ. ಕಟ್ಟರ್ ತೆಗೆದು ಡೈಮಂಡ್ ಮೊನೆಯನ್ನೂ ಹಾಕಬಹುದಾದ ಮಷಿನ್‌ಗಳಿವೆ, ಬಜೆಟ್ ಇದ್ದರೆ ಅಂಥದ್ದೇ ನೋಡಿ. ಮಷಿನ್ ನೋಡೋಕೆ ಹೋಗುವಾಗ ಒಂದು ಸ್ಟೀಲ್ ಲೋಟ, ಒಂದು ತುಂಡು ಹಿತ್ತಾಳೆ ತಗಡು ತಗೊಂಡು ಹೋಗಿ. ಅದರ ಮೇಲೆ ಮಾರುವವರ ಎದುರಿಗೇ ಕೆತ್ತಿಸಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.