ಈಸ್ಟರ್ ಮುಗಿದ ಮೇಲೆ ಸೋಮವಾರಕ್ಕೆ ಏನು ಉಳಿಯುತ್ತದೆ?

ಪ್ರಶ್ನೆ (ಧಾರವಾಡದಿಂದ)
ನಾನು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟೆಂಟ್) ಸಭೆಯಲ್ಲೇ ಹುಟ್ಟಿ ಬೆಳೆದವಳು. ಪ್ರತಿ ಈಸ್ಟರ್‌ಗೆ ಎಲ್ಲರ ಜೊತೆ "ಕರ್ತನು ಎದ್ದಿದ್ದಾನೆ" ಅಂತ ಹೇಳುತ್ತೇನೆ, ನಂಬುತ್ತೇನೆ ಕೂಡ. ಕಳೆದ ವರ್ಷ ಅಮ್ಮ ತೀರಿಕೊಂಡರು. ಮಾತಾಡಿಸಲು ಬಂದವರೆಲ್ಲ "ಪರಲೋಕದಲ್ಲಿ ಸುಖವಾಗಿದ್ದಾರೆ, ಅಳಬೇಡ" ಅಂದರು. ಯೇಸು ಸಾವಿನಿಂದ ಎದ್ದ ಈ ಪುನರುತ್ಥಾನ ಅಂದರೆ ಇಷ್ಟೇನಾ? ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಓಡಿ, ಸಂಜೆ ಬಂದು ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುವ ನನಗೆ ಇವತ್ತು ಅದರಿಂದ ಏನು? ನೇರವಾಗಿ ಹೇಳಿ.

ಉತ್ತರ 1
ಅಕ್ಕ, ಅಳಬೇಡ ಅಂದವರ ಮಾತು ಬಿಡಿ. ತೀರಿಕೊಂಡ ಗೆಳೆಯ ಲಾಜರನ ಸಮಾಧಿಗೆ ಹೋಗುವಾಗ ಯೇಸುವೇ ಕಣ್ಣೀರು ಹಾಕಿದನು, ಅದೂ ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ.

ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ (1 ಕೊರಿಂಥ) 15ನೇ ಅಧ್ಯಾಯವನ್ನು ಒಂದೇ ಸಲ ಕೂತು ಓದಿ, 58 ವಚನ. ಕ್ರಿಸ್ತ ಏಳದಿದ್ದರೆ ನಮ್ಮ ನಂಬಿಕೆಯೇ ವ್ಯರ್ಥ ಎನ್ನುವ ಪೌಲ, ಕೊನೆಗೆ ಏನು ಹೇಳುತ್ತಾನೆ ನೋಡಿ. ಗಟ್ಟಿಯಾಗಿ ನಿಂತು ಕೆಲಸ ಮಾಡಿ, ಕರ್ತನಲ್ಲಿ ನೀವು ಪಡುವ ಕಷ್ಟ ದಂಡ ಆಗುವುದಿಲ್ಲ ಅಂತ. ಅಲ್ಲಿಂದ ಮುಂದಿನ ಮಾತೇ ಯೆರೂಸಲೇಮಿನ ದೇವಜನರಿಗಾಗಿ ಹಣ ಕೂಡಿಸುವುದು, ವಾರದ ಮೊದಲ ದಿನ ಪ್ರತಿಯೊಬ್ಬರೂ ಸ್ವಲ್ಪ ತೆಗೆದಿಡಿ ಅನ್ನುವುದು! ನಡುವೆ ಕಾಣುವ 16 ಅನ್ನುವ ಅಧ್ಯಾಯದ ಅಂಕಿ ಎಷ್ಟೋ ಶತಮಾನ ಆದಮೇಲೆ ಸೇರಿದ್ದು. ಸಾವು ಸೋತಿತು ಅಂತ ಬರೆದ ಕೈ ಅದೇ ಉಸಿರಲ್ಲಿ ಚಂದಾ ಲೆಕ್ಕ ಬರೆದಿದೆ. ನಿಮ್ಮ ಸಂಜೆಯ ಕೆಲಸವೂ ಆ ಲೆಕ್ಕಕ್ಕೇ ಸೇರಿದ್ದು.

ಉತ್ತರ 2 (ಮಂಗಳೂರು)
ನಾನು ಕ್ಯಾಥೊಲಿಕ್. ನಮ್ಮಲ್ಲಿ ಈಸ್ಟರ್ ಹಿಂದಿನ ರಾತ್ರಿ ಚರ್ಚಿನ ಹೊರಗೆ ಹೊಸ ಬೆಂಕಿ ಮಾಡಿ, ಅದರಿಂದ ಪಾಸ್ಖದ (ಈಸ್ಟರ್ ಹಬ್ಬದ) ದೊಡ್ಡ ಮೇಣದಬತ್ತಿ ಹಚ್ಚುತ್ತಾರೆ. ಅದರ ಮೇಲೆ ಶಿಲುಬೆ, ಆ ವರ್ಷದ ಅಂಕಿ, ಯೇಸುವಿನ ಐದು ಗಾಯಗಳಿಗೆ ಐದು ಧೂಪದ ಹರಳು ಇರುತ್ತವೆ. ಮಗುವಿಗೆ ಜ್ಞಾನಸ್ನಾನ ಕೊಡುವಾಗ ಅದರಿಂದಲೇ ದೀಪ ಹಚ್ಚಿ ಕೊಡುತ್ತಾರೆ, ಯಾರಾದರೂ ತೀರಿಕೊಂಡಾಗ ಶವಪೆಟ್ಟಿಗೆ ಪಕ್ಕದಲ್ಲೂ ಅದೇ ಉರಿಯುತ್ತದೆ.

ನನಗೆ ಜಾಸ್ತಿ ಹಿಡಿಸುವುದು ಆ ಐದು ಹರಳು. ಯೇಸು ಎದ್ದು ಬಂದ ಮೇಲೂ ಗಾಯ ಮಾಯವಾಗಿರಲಿಲ್ಲ, ನಂಬದಿದ್ದ ಶಿಷ್ಯ ತೋಮನಿಗೆ ಅದನ್ನೇ ತೋರಿಸಿದರು. ಆಮೇಲೆ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಇಟ್ಟು, ಬಂದು ಊಟ ಮಾಡಿ ಅಂತ ಶಿಷ್ಯರನ್ನು ಕರೆದರು. ದೇಹವನ್ನು ದೇವರು ಇಷ್ಟು ದೊಡ್ಡದಾಗಿ ಕಾಣುತ್ತಾರೆ ಅಂದಮೇಲೆ, ಅಪ್ಪನ ಬೆನ್ನು ಒರೆಸಿ ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು ಸಣ್ಣ ಕೆಲಸ ಹೇಗಾಗುತ್ತದೆ?

ಉತ್ತರ 3
ಇಬ್ಬರೂ ಚೆನ್ನಾಗಿ ಹೇಳಿದ್ದೀರಿ, ಆದರೆ ಇವತ್ತಿನ ಬದುಕಿಗೆ ಹೊಂದಿಸುವ ಭರದಲ್ಲಿ ಮುಂದಿನ ನಿರೀಕ್ಷೆ ಕೈಬಿಡಬೇಡಿ. ಈ ಜೀವಮಾನಕ್ಕೆ ಮಾತ್ರ ಕ್ರಿಸ್ತನನ್ನು ನಂಬಿದ್ದರೆ ನಮ್ಮಷ್ಟು ನಿರ್ಭಾಗ್ಯರು ಯಾರೂ ಇಲ್ಲ ಅಂತಲೂ ಪೌಲ ಅದೇ ಅಧ್ಯಾಯದಲ್ಲಿ ಹೇಳಿದ್ದಾನೆ. ಸಹೋದರಿ, ಅಮ್ಮನನ್ನು ನೀವು ಮತ್ತೆ ನೋಡುತ್ತೀರಿ. ಅದನ್ನು ನಾನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ.

ಇನ್ನೊಂದು, ಎಲ್ಲವನ್ನೂ ಒಬ್ಬರೇ ಹೊರಬೇಡಿ. ಸಭೆಯ ಅಯ್ಯನವರಿಗೂ (ಪಾದ್ರಿಗೂ) ಸ್ತ್ರೀಸಂಘದವರಿಗೂ ಬಾಯಿಬಿಟ್ಟು ಹೇಳಿ, ವಾರಕ್ಕೊಂದು ಸಂಜೆಯಾದರೂ ಯಾರಾದರೂ ಬಂದು ಅಪ್ಪನ ಹತ್ತಿರ ಕೂರಲಿ. ಎದ್ದಿದ್ದಾನೆ ಅಂತ ನಿಮ್ಮ ಜೊತೆ ಹೇಳುವವರು ಅಷ್ಟಾದರೂ ಮಾಡಬೇಕು ಅಲ್ವಾ?